ಸೊಸಿ ಕೈಯಾಗಿನ ಮೊಬೈಲು, ಲಗ್ನಪತ್ರಿಕಿ ರಟ್ಟು

ಹೋದ ವಾರ ಅರಿಶಿಣ-ಕುಂಕುಮಕ್ಕ ಬಂದ ವೈನಿಯೊಬ್ರು ಹೊಸ್ತಿಲಾ ದಾಟೂಮುಂದ ಮೆಲ್ಲಕ ನನ್ನ ಕಿವ್ಯಾಗ ಹೇಳಿದ್ರು, "ನಿಮ್ಮ ಸೊಸಿ ಸಾಲಿಯಿಂದ ಬಂದ ಮ್ಯಾಲೂ ಮೊಬೈಲ್ ಬಿಡಂಗಿಲ್ಲಲ್ರೀ." ನಾ ನಕ್ಕು ಸುಮ್ಮನಾದೆ. ಆಮ್ಯಾಲೆ ಮನಸ್ಸಿಗೆ ಹತ್ತಿಕೊಂಡ್ತು. ಯಾಕಂದ್ರ ಎರಡು ವರ್ಷದ ಹಿಂದ ಇದ ಮಾತು ನಾನೂ ಆಡೀನಿ, ಅದೂ ಮಗನ ಮುಂದ. ಆಕಿ ಕೇಳಿಸಿಕೊಂಡಿದ್ಲು. ಏನೂ ಅನ್ನಲಿಲ್ಲ, ಮೊಬೈಲ್ ತಂದು ನನ್ನ ಮುಂದ ಇಟ್ಟು, "ನೀವ ನೋಡ್ರಿ ಅತ್ತಿ, ನಾ ಏನ್ ಮಾಡ್ಲಿಕತ್ತೀನಿ ಅಂತ" ಅಂದ್ಲು. ಅವತ್ತಿಂದ ನಾ ನೋಡ್ಕೋತ ಬಂದೀನಿ. ಅದಕ್ಕ ಬರಿಯೂ ಧೈರ್ಯ ಮಾಡೀನಿ.

ಆಕಿ ಧಾರವಾಡದಿಂದ ಬಸ್ಸಿನ್ಯಾಗ ಮುಕ್ಕಾಲು ತಾಸಿನ ದಾರಿಯ ಹಳ್ಳಿ ಸಾಲಿಯೊಳಗ ನಾಲ್ಕನೇತ್ತೆಯ ಟೀಚರ್. (ನಮ್ಮ ಕಾಲದಾಗ ಅಕ್ಕೋರು ಅಂತಿದ್ವಿ. ನಂಗ ಆ ಹೆಸರ ಚಂದ.) ಆಕಿ ಮೊಬೈಲಿನ್ಯಾಗ ಅರ್ಧ ಕೆಲಸ ಮ್ಯಾಲಿನವರು ಕೇಳಿದ್ದು. ಇವತ್ತು ಎಷ್ಟು ಹುಡುಗ್ರು ಬಂದಾರ, ಎಷ್ಟು ಮಂದಿ ಉಂಡಾರ, ಹಾಲು ಎಷ್ಟು ಮಂದಿ ಕುಡದಾರ, ತತ್ತಿ ಎಷ್ಟು, ಬಾಳೆಹಣ್ಣು ಎಷ್ಟು, ಕಾರ್ಯಕ್ರಮ ಮಾಡಿದ್ದಕ್ಕ ಫೋಟೋ ಎಲ್ಲಿ. ಇದನ್ನ ಆಪಿನ್ಯಾಗ ತುಂಬಿ, ರಿಜಿಸ್ಟರಿನ್ಯಾಗ ಬರದು, ಮತ್ತ ವಾಟ್ಸಾಪ್ ಗ್ರೂಪಿಗೂ ಹಾಕ್ಬೇಕು. ಹಳ್ಳ್ಯಾಗ ನೆಟ್ ಸಿಗಂಗಿಲ್ಲ, ಹಿಂಗಾಗಿ ಮನಿಗೆ ಬಂದು ಒಂದು ಕೈಲೆ ಭಕ್ರಿ ಬಡಕೋತ ಇನ್ನೊಂದು ಕೈಲೆ ಒತ್ತೂದು. ಇವಕ್ಕ ಶಿಕ್ಷಕರ ಆಪ್ ಅಂತಾರ. ನಾ ಅನ್ನಂಗಿಲ್ಲ. ಹಾಜರಿ ಲೆಕ್ಕ ಬ್ಯಾಡ ಅಂತಲ್ಲ, ಹುಡುಗ್ರಿಗೆ ಹಾಲು ಮುಟ್ಟೇದೋ ಇಲ್ಲೋ ಯಾರರ ನೋಡ್ಲಿಕ್ಕಬೇಕು. ಆದ್ರ ಹೊಸಾ ಆಪ್ ತರೂದಿದ್ರ ಹಳೀ ರಿಜಿಸ್ಟರ್ ಒಂದು ಮುಚ್ಚರಿ. ಎರಡೂ ಇಟ್ರ ಉಳದದ್ದೇನು?

ಉಳದ ಅರ್ಧ ಬ್ಯಾರೆ. ಅದರ ಸಲುವಾಗಿನ ನಾ ಇಷ್ಟು ಬರೀಲಿಕ್ಕತ್ತಿದ್ದು.

ಒಂದಿನ ಸಾಲಿಯಿಂದ ಬಂದವಳ ಕಪ್ಪು-ಬಿಳಿ ಚೌಕದ ಚಿತ್ರ ಇದ್ದ ಹಾಳಿ ಕಟ್ಟು ತಂದ್ಲು, ಜೆರಾಕ್ಸ್ ಅಂಗಡ್ಯಾಗ ಹೊಡಿಸಿದ್ದು. "ಅತ್ತಿ, ಇವಕ್ಕ ರಟ್ಟು ಹಚ್ಚಿ ಕೊಡ್ತೀರೇನು?" ನಮ್ಮನಿ ಅಟ್ಟದ ಮ್ಯಾಲ ಹಳೀ ಲಗ್ನಪತ್ರಿಕಿಗೇನು ಬರ. ಮೈದಾಹಿಟ್ಟಿನ ಅಂಟು ಕುದಿಸಿ ಎಲ್ಲಾ ಹಚ್ಚಿದೆ. ಗಟ್ಟಿ ಇರ್ಲಿ ಅಂತ ಮ್ಯಾಲೆ ಅಗಲ ಸೆಲೋಟೇಪ್ ಬ್ಯಾರೆ ಬಡದೆ. ಅದ ತಪ್ಪಾತು. ಕಿಡಕಿ ಬೆಳಕು ಹೊಳದು ಕ್ಯಾಮೆರಾಕ್ಕ ಚಿತ್ರ ಕಾಣವಲ್ದಂತ. ಮತ್ತ ಎಲ್ಲಾ ಹೊಸದಾಗಿ ಮಾಡಿದ್ವಿ, ಟೇಪ್ ಇಲ್ದ.

ಇದರ ಹೆಸರು ಪ್ಲಿಕರ್ಸ್. ಪ್ರತಿ ಹುಡುಗಗ ಒಂದು ಕಾರ್ಡು, ಒಂದರ ಚಿತ್ರ ಇನ್ನೊಂದರಂಗ ಇರಂಗಿಲ್ಲ. ನಾಲ್ಕು ಮಗ್ಗಲಾ ಸಣ್ಣಾಗಿ ಎ, ಬಿ, ಸಿ, ಡಿ ಬರದಿರ್ತದ. ಟೀಚರ್ ಪ್ರಶ್ನೆ ಕೇಳ್ತಾಳ, ಹುಡುಗರು ತಮ್ಮ ಉತ್ತರದ ಅಕ್ಷರ ಮ್ಯಾಲ ಬರೂಹಂಗ ಕಾರ್ಡು ತಿರುವಿ ಹಿಡೀತಾವ. ಟೀಚರ್ ತನ್ನ ಮೊಬೈಲ್ ಕ್ಯಾಮೆರಾ ಇಡೀ ವರ್ಗದ ಮ್ಯಾಲೆ ಆಡಿಸಿದ್ರ ಯಾರು ಏನು ಹೇಳ್ಯಾರ ಅಂತ ಅಲ್ಲೇ ಬರ್ತದ. ಹುಡುಗ್ರ ಕೈಯಾಗ ಮೊಬೈಲ್ ಬೇಕಾಗಿಲ್ಲ. ಮಗ್ಗಲದವನ ಕಾರ್ಡು ನೋಡಿ ಕಾಪಿ ಹೊಡಿಲಿಕ್ಕೂ ಬರಂಗಿಲ್ಲ.

ಮೊದಲನೇ ದಿನ ಆಕಿ ಕೇಳಿದ ಲೆಕ್ಕ ನಂಗ ಬಾಯಿಪಾಠ ಆಗೇದ. 402ರಾಗ 178 ಕಳೀರಿ. ಹಿಂದಿನ ದಿನ ಕಲಿಸಿ "ತಿಳೀತೇನ್ರೋ" ಅಂದಾಗ ಎಲ್ಲಾ ಒಂದ ದನ್ಯಾಗ "ತಿಳೀತ್ರೀ ಟೀಚರ್" ಅಂದಿದ್ರಂತ. ಕಾರ್ಡು ಎತ್ತಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ 376 ಅಂದಿದ್ರು. 224 ಅಂದವರು ಕಡಿಮಿ. 376 ಹೆಂಗ ಬಂತು ನೋಡ್ರಿ. 2ರಾಗ 8 ಹೋಗಂಗಿಲ್ಲ, ಹಂಗಂತ 8ರಾಗ 2 ಕಳದ್ರು, 7ರಾಗ ಸೊನ್ನಿ ಕಳದ್ರು, 4ರಾಗ 1. ಸಣ್ಣದನ್ನ ದೊಡ್ಡದ್ರಾಗ ಕಳೀಬೇಕು ಅಂತ ತಿಳಕೊಂಡಾವ, ಮಗ್ಗಲಿನ ಮನಿಯಿಂದ ಸಾಲ ತರೂದು ತಿಳದಿಲ್ಲ. ಸೊಸಿ ಮರುದಿನ ಕಡ್ಡಿ ಕಟ್ಟು ಒಯ್ದು ಮತ್ತ ಮೊದಲಿಂದ ಕಲಿಸಿದ್ಲು. ಆಪ್ ಏನ್ ಕಲಿಸಲಿಲ್ಲ, ಕಲಿಸಿದ್ದು ಕಡ್ಡಿ ಮತ್ತ ಆಕಿ. ಆದ್ರ ಎಲ್ಲಿಂದ ಕಲಿಸ್ಬೇಕು ಅನ್ನೂದು ಆ ಲಗ್ನಪತ್ರಿಕಿ ರಟ್ಟು ಹೇಳ್ತು.

ಇದನ್ನ ಕೇಳಿ ನಂಗ ನಿದ್ದಿ ಬರ್ಲಿಲ್ಲ ಅಂದ್ರ ನಗಬ್ಯಾಡ್ರಿ. ನಾ ಪಿಯುಸಿ ಕಾಮರ್ಸ್ ಓದಿದಾಕಿ. ಡೆಬಿಟ್ ಯಾವ ಮಗ್ಗಲಾ, ಕ್ರೆಡಿಟ್ ಯಾವ ಮಗ್ಗಲಾ ಅನ್ನೂದು ತಿಂಗಳಗಟ್ಟಲೆ ತಿಳದಿದ್ದಿಲ್ಲ. ಸರ್ ಕೇಳಿದಾಗ ಎಲ್ಲಾರ ಕೂಡ ನಾನೂ "ತಿಳೀತ್ರೀ ಸರ್". ಕಡೀ ಬೆಂಚಿನ್ಯಾಗ ಕೂತ ಹುಡುಗಿ ಕೈ ಎತ್ತಿ "ಇಲ್ರೀ" ಅನ್ನೂದು ಅಷ್ಟು ಸರಳ ಇತ್ತೇನು? ಹೆಂಗೋ ಪಾಸಾದೆ, ಮಾರ್ಕ್ಸ್ ನೋಡಿ ಮನ್ಯಾಗ "ಇಷ್ಟಕ್ಕ ಸಾಕು" ಅಂದ್ರು. ಸಾಕಾತು.

ಬ್ಯಾರೆ ಆಪೂ ಅವ. ಕಹೂಟ್ ಅಂತ ನಾರ್ವೆ ದೇಶದ್ದೊಂದು ಅದ, ಪ್ರಶ್ನೆಗೆ ಸಂಗೀತ ಹಾಕಿ ಆಟದಂಗ ಆಡಸ್ತದ. ಚಲೋ ಅದ, ಆದ್ರ ಹುಡುಗ್ರ ಕೈಯಾಗೂ ಮೊಬೈಲ್ ಬೇಕು. ನಮ್ಮ ಹಳ್ಳಿ ಸಾಲಿಗೆ ಅದು ಆಗೂ ಮಾತಲ್ಲ. 2020ರಾಗ ಕೊರೋನಾ ಬಂದಾಗ ನೋಡೀವಲ್ಲ. ನಮ್ಮ ಓಣ್ಯಾಗ ಗೌಂಡಿ ಕೆಲಸದವರ ಮನ್ಯಾಗ ಒಂದ ಮೊಬೈಲು. ಅಪ್ಪ ಅದನ್ನ ಕಿಸೆದಾಗ ಇಟಗೊಂಡು ಕೆಲಸಕ್ಕ ಹೋದ್ರ ರಾತ್ರಿನ ಬರೂದು. ಬಂದ ಮ್ಯಾಲ ಮೊದಲು ಅಣ್ಣಗ, ಚಾರ್ಜ್ ಉಳದ್ರ ತಂಗಿಗೆ. ಆ ಹುಡುಗಿ ನಮ್ಮ ಕಟ್ಟಿ ಮ್ಯಾಲ ಕೂತು ನನ್ನ ಮೊಬೈಲಿನ್ಯಾಗ ಪಾಠ ನೋಡಿದ್ದು ಅದ. ಹಿಂಗಾಗಿ ಟೀಚರ್ ಕೈಯಾಗ ಒಂದು ಮೊಬೈಲ್ ಇದ್ರ ಇಡೀ ವರ್ಗಕ್ಕ ಸಾಲೂದು ಯಾವುದೋ, ಅದ ಚಲೋ ಅಂತ ನನ್ನ ಮತ.

ಅಂಥಾವು ಇನ್ನೊಂದೆರಡು ಹೇಳ್ತೀನಿ. ಫೆಟ್ ಅಂತದ. ವಿಜ್ಞಾನದ ನೊಬೆಲ್ ಪಡದ ಕಾರ್ಲ್ ವೈಮನ್ ಅನ್ನೋರು 2002ರಾಗ ಅಮೇರಿಕಾದ ಕೊಲರಾಡೊ ವಿಶ್ವವಿದ್ಯಾಲಯದಾಗ ಶುರು ಮಾಡಿದ್ದು, ಪುಕ್ಕಟ. ಬ್ಯಾಟರಿ, ವೈರ್, ಬಲ್ಬ್ ಪರದೆ ಮ್ಯಾಲ ಜೋಡಿಸಿ ನೋಡಬಹುದು. ತಪ್ಪು ಜೋಡಿಸಿದ್ರ ಬೆಂಕಿ ತೋರಸ್ತದ, ಮನಿ ಸುಡಂಗಿಲ್ಲ. ಸಾಲ್ಯಾಗ ಟಿವಿಗೆ ಹಚ್ಚಿ ತೋರಸ್ತಾರಂತ. ಸರ್ಕಾರಿ ಪುಸ್ತಕದ ಪಾಠದ ಮಗ್ಗಲಕ್ಕಿನ ಕ್ಯೂಆರ್ ಚೌಕಕ್ಕ ದೀಕ್ಷಾ ಆಪ್ ಹಿಡದ್ರ ಆ ಪಾಠದ ವಿಡಿಯೋ ಬರ್ತದ. ಕೆಲವು ಚಲೋ ಅವ, ಕೆಲವು ಕೂತ ನಿದ್ದಿ ಬರಸ್ತಾವ. ನಂಗ ಸೇರಿದ್ದು ಸ್ಟೋರಿವೀವರ್. ಬೆಂಗಳೂರಿನ ಪ್ರಥಮ್ ಬುಕ್ಸ್ ಅವ್ರು 2015ರಿಂದ ನಡಸ್ತಾರ. ಕನ್ನಡದಾಗ ಮಕ್ಕಳ ಕಥಿ, ಓದೂ ಮಟ್ಟಕ್ಕ ತಕ್ಕಂಗ, ಚಿತ್ರದ ಸಮೇತ, ರೊಕ್ಕಿಲ್ದ. ಡೌನ್‌ಲೋಡ್ ಮಾಡಿ ಹಾಳಿ ಮ್ಯಾಲ ಹೊಡಿಸಿ ಸೊಸಿ ಸಾಲ್ಯಾಗ ದಾರದಾಗ ತೂಗ ಹಾಕ್ಯಾಳ, ಹುಡುಗ್ರು ಎಳಕೊಂಡು ಓದ್ತಾವ. ಮನ್ಯಾಗ ಮೊಮ್ಮಗಗ ನಾ ಓದ್ತೀನಿ.

ಇನ್ನ ನಮ್ಮ ಹೆಣ್ಣುಮಕ್ಕಳಿಗೆ ಒಂದು ಮಾತು, ಸಿಟ್ಟಾಗಬ್ಯಾಡ್ರಿ. ಸಾಲಿ ವಾಟ್ಸಾಪ್ ಗ್ರೂಪಿನ್ಯಾಗ ರಾತ್ರಿ ಹತ್ತೂವರಿಗೆ "ಟೀಚರ್, ನಾಳೆ ಯಾವ ಡ್ರೆಸ್" ಅಂತ ಕೇಳೂದು ನಾವ. ಮುಂಜಾನೆ ಐದಕ್ಕ "ಶುಭೋದಯ" ಗುಲಾಬಿ ಕಳಸೂದೂ ನಾವ. ಹಿಂದಿಂದ "ಟೀಚರ್ ಯಾವಾಗಲೂ ಮೊಬೈಲ್ ಹಿಡದಿರ್ತಾರ" ಅನ್ನೂದೂ ನಾವ. ಆಕಿಗೂ ಮನಿ ಅದ, ಕೂಸದ, ಅತ್ತಿ ಅದಾಳ.

ಆ ವೈನಿಗೆ ಮುಂದಿನ ಸಲ ಸಿಕ್ಕಾಗ ಇದೆಲ್ಲಾ ಹೇಳ್ತೀನಿ. ಅಷ್ಟ್ರಾಗ ಒಂದು ಕೆಲಸ ಅದ. ಈ ವರ್ಷ ಸೊಸಿ ವರ್ಗಕ್ಕ 34 ಹುಡುಗ್ರು ಬಂದಾರ, ಹಳೀ ಕಾರ್ಡು ಮೂಲಿ ಮೂಲಿ ಹರದು ಹೋಗ್ಯಾವ. ನಿಮ್ಮನ್ಯಾಗ ದಪ್ಪ ಲಗ್ನಪತ್ರಿಕಿ ಇದ್ರ ಒಗೀಬ್ಯಾಡ್ರಿ, ನಂಗ ಕೊಡ್ರಿ. ಮಿಣಿಮಿಣಿ ಹೊಳಿಯೂವು ಮಾತ್ರ ಬ್ಯಾಡ.