ಕಪ್ಪಾದರೂ ಲಕ್ಷಣ

ಮಕ್ಕಳಿರುವ ಮನೆಯಲ್ಲಿ ಛೋಟಾ ಭೀಮ್ ಯಾರೆಂದು ಹೇಳಿಕೊಡಬೇಕಾಗಿಲ್ಲ. ಶಿಕಾರಿಪುರದ ಪೇಟೆಯಲ್ಲಾಗಲಿ, ಸೊರಬದ ಒಳಹಳ್ಳಿಯಲ್ಲಾಗಲಿ, ಎರಡನೆಯ ತರಗತಿಯ ಮಗುವನ್ನು ನಿಲ್ಲಿಸಿ ಕೇಳಿ. ಭೀಮ್, ಚುಟ್ಕಿ, ರಾಜು, ಜಗ್ಗು ಎಂಬ ಮಂಗ, ಕಾಲಿಯಾ, ಅವನ ಬೆನ್ನ ಹಿಂದೆಯೇ ತಿರುಗುವ ಢೋಲು-ಭೋಲು ಎಂದು ಢೋಲಕ್‌ಪುರದ ಜನಗಣತಿಯನ್ನೇ ಒಪ್ಪಿಸಿಬಿಡುತ್ತದೆ. ತಮ್ಮನ ಜೊತೆ ಕೂತು ಇದನ್ನು ನೋಡುತ್ತಿದ್ದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಒಮ್ಮೆ ನನ್ನನ್ನು ಕೇಳಿದಳು: "ಸಾರ್, ಕಾಲಿಯಾ ಅಂದ್ರೆ ಹಿಂದಿಯಲ್ಲಿ ಕರಿಯ ಅಂತ ಅಲ್ವಾ? ಯಾವಾಗಲೂ ಜಗಳಕ್ಕೆ ಬರೋನೇ ಯಾಕೆ ಕರಿಯ ಆಗಬೇಕು?"

ಪ್ರಶ್ನೆ ಚಿಕ್ಕದು. ಆದರೆ ಇದೇ ಪ್ರಶ್ನೆಯನ್ನು ಹಿಡಿದು ಜಗತ್ತಿನ ಹಲವು ಕಡೆ ದೊಡ್ಡವರು ವರ್ಷಗಟ್ಟಲೆ ವಾದಿಸಿದ್ದಾರೆ. ಕಾರ್ಟೂನಿನಲ್ಲಿ ಯಾವ ಜನಾಂಗದವರನ್ನು ಹೇಗೆ ತೋರಿಸಬೇಕು? ಯಾರಿಗೆ ಯಾವ ಬಣ್ಣ, ಯಾವ ದನಿ, ಯಾವ ಕೆಲಸ ಕೊಡಬೇಕು? ಅಷ್ಟಕ್ಕೂ ಬಣ್ಣದ ಗೊಂಬೆಗಳ ಆಟಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೆ?

ಛೋಟಾ ಭೀಮ್ ಹೈದರಾಬಾದಿನ ಗ್ರೀನ್ ಗೋಲ್ಡ್ ಅನಿಮೇಷನ್ ಸಂಸ್ಥೆಯಲ್ಲಿ ರಾಜೀವ್ ಚಿಲಕಾ ಅವರು ರೂಪಿಸಿದ ಸರಣಿ. 2008ರಲ್ಲಿ ಆರಂಭವಾಯಿತು. ಅಲ್ಲಿಯವರೆಗೆ ನಮ್ಮ ಮಕ್ಕಳು ನೋಡುತ್ತಿದ್ದುದು ಹೆಚ್ಚಾಗಿ ಅಮೆರಿಕ, ಜಪಾನುಗಳ ಕಾರ್ಟೂನುಗಳನ್ನು. ಧೋತಿ ಉಟ್ಟು ಲಡ್ಡು ತಿನ್ನುವ ಹುಡುಗನೊಬ್ಬ ಪರದೆಯ ಮೇಲೆ ಬಂದದ್ದು ಸಂತೋಷದ ಸಂಗತಿಯೇ. ಕಾಲಿಯಾ ಕೂಡ ರಾಕ್ಷಸನೇನಲ್ಲ. ಹೊಟ್ಟೆಕಿಚ್ಚಿನವನು, ಜಂಬದವನು, ಕೊನೆಗೆ ಪೆಟ್ಟು ತಿನ್ನುವವನು. ಅವನನ್ನು ಬರೆದವರ ಮನಸ್ಸಿನಲ್ಲಿ ಕೆಟ್ಟ ಉದ್ದೇಶವಿತ್ತೆಂದು ನಾನು ಹೇಳಲಾರೆ. ಆದರೆ ಗೆಳೆಯರಿಗಿಂತ ಗಾಢವಾದ ಮೈಬಣ್ಣ, ಆ ಬಣ್ಣವನ್ನೇ ಹೇಳುವ ಹೆಸರು, ಎಲ್ಲರೂ ನಗುವ ಸೋಲು, ಇವು ಮೂರೂ ಒಬ್ಬನ ಪಾಲಿಗೇ ಬಂದಿವೆ. ಒಂದು ಸಲವಾದರೆ ಆಕಸ್ಮಿಕ ಎನ್ನಬಹುದು. ದಿನವೂ ಸಂಜೆ ನೋಡಿದರೆ ಅದು ಪಾಠವಾಗುತ್ತದೆ. ಮಗ್ಗಿಯನ್ನು ನಾವು ಕಲಿತದ್ದೂ ಹಾಗೆಯೇ ಅಲ್ಲವೇ?

ನೀಲಿಯಾದ ಕರಿಯ

ನಮ್ಮ ಪುರಾಣಗಳನ್ನು ತೆರೆದರೆ ಚಿತ್ರವೇ ಬೇರೆ. ಕೃಷ್ಣ ಎಂಬ ಶಬ್ದಕ್ಕೆ ಕಪ್ಪು ಎಂದೇ ಅರ್ಥ. ಮಹಾಭಾರತವನ್ನು ರಚಿಸಿದ ವ್ಯಾಸರು ಕೃಷ್ಣದ್ವೈಪಾಯನರು. ದ್ರೌಪದಿಗೆ ಕೃಷ್ಣೆ ಎಂಬ ಹೆಸರಿದೆ. ಇವರ ಕಪ್ಪಿಗೆ ಕವಿಗಳು ನಾಚಿಕೊಂಡಂತೆ ಕಾಣುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಕರಿಯಪ್ಪ, ಕರಿಯಮ್ಮ, ಕಾಳಪ್ಪ, ಕಾಳಮ್ಮ ಎಂದು ಹೆಸರಿಡುವಾಗ ಹಿರಿಯರು ಮಗುವನ್ನು ಹಂಗಿಸಲಿಲ್ಲ. ದೇವರ ಹೆಸರಿಟ್ಟೆವೆಂದು ಹೆಮ್ಮೆಪಟ್ಟರು.

ಬಣ್ಣ ಬದಲಾದದ್ದು ಚಿತ್ರಕ್ಕಿಳಿದಾಗ. ಕ್ಯಾಲೆಂಡರಿನಲ್ಲಿ ಕೃಷ್ಣ ತಿಳಿನೀಲಿಯಾದ. ದ್ರೌಪದಿ ಗುಲಾಬಿ ಕೆನ್ನೆಯವಳಾದಳು. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಕಟ್ಟಿದ ಅಮರ ಚಿತ್ರ ಕಥೆಯನ್ನು ಓದಿ ಬೆಳೆದವರು ನಮ್ಮಲ್ಲಿ ಲಕ್ಷಾಂತರ ಮಂದಿ. ರಾಮನ ತಾಯಿಯ ಹೆಸರು ಗೊತ್ತಿಲ್ಲದ ಮಕ್ಕಳಿಗೆ ಪುರಾಣ, ಇತಿಹಾಸಗಳನ್ನು ಕೈಗೆಟಕುವ ಬೆಲೆಗೆ ತಲುಪಿಸಿದ ಕೆಲಸ ಅದು. ಅದರ ಋಣ ದೊಡ್ಡದು. ಆದರೂ ಅದನ್ನು ಅಭ್ಯಾಸ ಮಾಡಿದ ವಿದ್ವಾಂಸರು ಒಂದು ಸಂಗತಿಯನ್ನು ಎತ್ತಿ ತೋರಿಸಿದ್ದಾರೆ: ದೇವತೆಗಳೂ ನಾಯಕರೂ ಬೆಳ್ಳಗೆ ಅಥವಾ ನೀಲಿ, ಅಸುರರು ಕಪ್ಪಗೆ, ದಪ್ಪಗೆ. ಬೆಂಗಳೂರಿನ ಇಸ್ಕಾನ್ ಬಳಗದ ಸಹಯೋಗದಲ್ಲಿ ತಯಾರಾಗಿ 2009ರಲ್ಲಿ ಪ್ರಸಾರವಾದ 'ಲಿಟಲ್ ಕೃಷ್ಣ' ಸರಣಿಯಲ್ಲಿಯೂ ನಂದಗೋಕುಲದ ಕರಿಯ ಹುಡುಗ ನೀಲಿಯಾಗಿಯೇ ಓಡಾಡುತ್ತಾನೆ.

ನಮ್ಮ ಶಿಕಾರಿಪುರ ತಾಲ್ಲೂಕಿನದೇ ಉದಾಹರಣೆ ಬೇಕೆಂದರೆ ಉಡುತಡಿಯ ಅಕ್ಕಮಹಾದೇವಿ ಇದ್ದಾಳೆ. ಹನ್ನೆರಡನೆಯ ಶತಮಾನದ ಅಕ್ಕನ ಎದುರು ಕೂತು ಯಾರೂ ಭಾವಚಿತ್ರ ಬರೆದಿಟ್ಟಿಲ್ಲ. ಬಳ್ಳಿಗಾವಿಯ ಅಲ್ಲಮನದೂ ಅಷ್ಟೇ. ಆದರೆ ಮಕ್ಕಳಿಗೆ ಅಕ್ಕನ ಚಿತ್ರ ಬರೆಯಿರಿ ಎಂದು ಹೇಳಿ ನೋಡಿ. ಉದ್ದ ಕೂದಲಿಗೆ ಕಪ್ಪು ಕಡ್ಡಿ ಎತ್ತಿಕೊಳ್ಳುವ ಕೈ, ಮುಖಕ್ಕೆ ಮಾತ್ರ ಆ ತಿಳಿಗುಲಾಬಿ ಕಡ್ಡಿಯನ್ನೇ ಹುಡುಕುತ್ತದೆ.

ಕಡ್ಡಿಯ ಮೇಲಿನ ಹೆಸರು

ಆ ಕಡ್ಡಿಯ ಮೇಲೆ ಅನೇಕ ಕಂಪನಿಗಳು 'ಸ್ಕಿನ್' ಎಂದು ಅಚ್ಚು ಹಾಕುತ್ತಿದ್ದವು. ಅಂದರೆ ಚರ್ಮದ ಬಣ್ಣ. ಯಾರ ಚರ್ಮ? 2015ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ವಿದ್ಯಾರ್ಥಿಯೊಬ್ಬರು ಇದೇ ಪ್ರಶ್ನೆ ಹಿಡಿದು ಗ್ರಾಹಕರ ವೇದಿಕೆಗೆ ದೂರು ಕೊಟ್ಟರು. ನಮ್ಮ ದೇಶದ ಮಕ್ಕಳಲ್ಲಿ ಬಹುಪಾಲಿನವರಿಗೆ ಹೊಂದದ ಬಣ್ಣವನ್ನು ಚರ್ಮದ ಬಣ್ಣವೆಂದು ಕರೆದರೆ, ಉಳಿದ ಬಣ್ಣಗಳೆಲ್ಲ ಏನು ಎಂಬುದು ಅವರ ವಾದದ ತಿರುಳು. ಅಮೆರಿಕದ ಕ್ರೇಯೋಲಾ ಕಂಪನಿ ತನ್ನ ಇಂಥದೇ ಕಡ್ಡಿಯ ಹೆಸರನ್ನು 1962ರಲ್ಲಿಯೇ 'ಪೀಚ್' ಎಂದು ಬದಲಿಸಿತ್ತು. ಹಣ್ಣಿನ ಹೆಸರಿಟ್ಟರೆ ಯಾರಿಗೂ ತಂಟೆಯಿಲ್ಲ.

ಇದೆಲ್ಲ ಅತಿಯಾಯಿತು ಎನ್ನುವ ಪಾಲಕರು ಒಂದು ಹಳೆಯ ಪ್ರಯೋಗವನ್ನು ತಿಳಿಯಬೇಕು. 1940ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ದಂಪತಿಗಳಾದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಗೊಂಬೆಗಳನ್ನು ಇಟ್ಟರು. ಬಣ್ಣವೊಂದನ್ನು ಬಿಟ್ಟರೆ ಎಲ್ಲ ಗೊಂಬೆಗಳೂ ಒಂದೇ ತರಹ. ಯಾವುದು ಒಳ್ಳೆಯ ಗೊಂಬೆ ಎಂದಾಗ ಹೆಚ್ಚಿನ ಮಕ್ಕಳು ಬಿಳಿಯದನ್ನು ತೋರಿಸಿದರು. ಯಾವುದು ಕೆಟ್ಟದಾಗಿ ಕಾಣುತ್ತದೆ ಎಂದಾಗ ಕಪ್ಪನ್ನು ತೋರಿಸಿದರು. ನಿನ್ನಂತಿರುವುದು ಯಾವುದು ಎಂದು ಕೇಳಿದಾಗ ಕೆಲವು ಮಕ್ಕಳು ಅಳತೊಡಗಿದವು. ಶಾಲೆಗಳಲ್ಲಿ ಬಿಳಿಯರನ್ನೂ ಕಪ್ಪು ಜನರನ್ನೂ ಬೇರೆ ಬೇರೆ ಕೂರಿಸುವುದು ತಪ್ಪೆಂದು 1954ರಲ್ಲಿ ಆ ದೇಶದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಈ ಅಧ್ಯಯನವನ್ನೂ ಗಮನಕ್ಕೆ ತೆಗೆದುಕೊಂಡಿತು. ಆ ಮಕ್ಕಳಿಗೆ ಯಾರೂ ಪಾಠ ಮಾಡಿರಲಿಲ್ಲ. ಸುತ್ತಲಿನದನ್ನು ನೋಡಿ ತಾವೇ ಕಲಿತಿದ್ದರು.

ಅಪುವಿನ ದನಿ

ಹೊರದೇಶದಲ್ಲಿ ನೆಲೆಸಿರುವ ನಮ್ಮವರ ಮಕ್ಕಳಿಗೆ ಇದರ ಬಿಸಿ ಇನ್ನೊಂದು ರೀತಿಯಲ್ಲಿ ತಟ್ಟಿತು. ಅಮೆರಿಕದ ಪ್ರಸಿದ್ಧ ಕಾರ್ಟೂನ್ 'ದಿ ಸಿಂಪ್ಸನ್ಸ್'ನಲ್ಲಿ ಅಪು ಎಂಬ ಭಾರತೀಯ ಅಂಗಡಿಯವನಿದ್ದಾನೆ. ಅವನ ಇಂಗ್ಲಿಷಿನ ಉಚ್ಚಾರವೇ ನಗೆಯ ಸರಕು. ಆ ದನಿ ಕೊಡುತ್ತಿದ್ದವರು ಹ್ಯಾಂಕ್ ಅಜಾರಿಯಾ ಎಂಬ ಬಿಳಿಯ ನಟ. ಭಾರತೀಯ ಮೂಲದ ಹಾಸ್ಯಗಾರ ಹರಿ ಕೊಂಡಬೋಲು 2017ರಲ್ಲಿ ಇದರ ಬಗ್ಗೆ ಸಾಕ್ಷ್ಯಚಿತ್ರ ಮಾಡಿದರು. ಶಾಲೆಯಲ್ಲಿ ಸಹಪಾಠಿಗಳು ಅಪುವಿನ ದನಿಯಲ್ಲಿ ಅಣಕಿಸುತ್ತಿದ್ದುದನ್ನು ಭಾರತೀಯ ಮೂಲದ ಹಲವರು ನೆನೆದುಕೊಂಡರು. ತಮಾಷೆಯನ್ನು ತಮಾಷೆಯಾಗಿ ನೋಡಬಾರದೇ ಎಂದು ಇನ್ನು ಕೆಲವರು ಗೊಣಗಿದರು. 2020ರಲ್ಲಿ ಅಜಾರಿಯಾ ಆ ಪಾತ್ರಕ್ಕೆ ದನಿ ಕೊಡುವುದನ್ನು ಬಿಟ್ಟರು.

ಜಪಾನಿನ ಪೋಕೆಮಾನ್‌ನಲ್ಲಿ ಜಿಂಕ್ಸ್ ಎಂಬ ಜೀವಿಯೊಂದಿತ್ತು. ಕಪ್ಪು ಮುಖ, ದಪ್ಪ ತುಟಿ. ಇದು ಕಪ್ಪು ಜನರನ್ನು ಹಂಗಿಸುವ ಹಳೆಯ ಚಿತ್ರಗಳಂತಿದೆ ಎಂದು 2000ದಲ್ಲಿ ಅಮೆರಿಕದ ಲೇಖಕಿ ಕ್ಯಾರೊಲ್ ಬಾಸ್ಟನ್ ವೆದರ್‌ಫರ್ಡ್ ಬರೆದರು. ಮುಂದೆ ಅದರ ಮುಖ ನೇರಳೆಯಾಯಿತು. ನಮ್ಮ ಕೃಷ್ಣ ನೀಲಿಯಾದಂತೆ! ಬಣ್ಣ ಬದಲಿಸುವುದು ಸುಲಭ. ದಪ್ಪ ತುಟಿ ಹಾಗೆಯೇ ಉಳಿಯಿತು.

1993ರಲ್ಲಿ ದೂರದರ್ಶನದ ಮುಂದೆ ಭಾನುವಾರ ಬೆಳಿಗ್ಗೆ ಕೂರುತ್ತಿದ್ದ ಮಕ್ಕಳು ಈಗ ತಾವೇ ಪಾಲಕರಾಗಿದ್ದಾರೆ. ಅವರು ನೋಡಿದ ಮೋಗ್ಲಿಯನ್ನು ಬರೆದವರು ಜಪಾನಿನ ಕಲಾವಿದರು. ಅದಕ್ಕೂ ಮೊದಲು, 1967ರಲ್ಲಿ, ಡಿಸ್ನಿಯವರು ಅದೇ ಕಥೆಯನ್ನು ಚಿತ್ರ ಮಾಡಿದಾಗ ಕಾಡಿಗೆ ಲೂಯಿ ಎಂಬ ಒರಾಂಗುಟಾನ್ ರಾಜನನ್ನು ಸೇರಿಸಿದರು. ಕಿಪ್ಲಿಂಗ್ ಬರೆದ ಪುಸ್ತಕದಲ್ಲಿ ಅವನಿಲ್ಲ. ಒರಾಂಗುಟಾನ್ ಇರುವುದು ಸುಮಾತ್ರಾ, ಬೋರ್ನಿಯೊಗಳಲ್ಲಿ. ಭಾರತದ ಕಾಡಿನಲ್ಲಿ ಎಂದೂ ಇಲ್ಲ ಎಂದು ವಿಜ್ಞಾನದ ಮೇಷ್ಟರು ಅಂಕ ಕಳೆಯಬಹುದು. ಮನುಷ್ಯನಂತಾಗಬೇಕೆಂದು ಜಾಜ್ ಧಾಟಿಯಲ್ಲಿ ಹಾಡುವ ಆ ಕಪಿ ಕಪ್ಪು ಅಮೆರಿಕನ್ನರ ಅಣಕವೆಂದು ಹಲವರು ಆಕ್ಷೇಪಿಸಿದ್ದಾರೆ. ಹಾಡಿದ ಲೂಯಿ ಪ್ರೀಮಾ ಇಟಲಿ ಮೂಲದವರು, ಅಣಕದ ಮಾತೇ ಇಲ್ಲ ಎಂಬ ಉತ್ತರವೂ ಇದೆ. ಇಂಥ ವಾದಗಳು ಒಂದೇ ಸಲಕ್ಕೆ ಬಗೆಹರಿಯುವುದಿಲ್ಲ. ಆದರೆ ವಾದ ನಡೆಯುವ ಊರಿನ ಮಕ್ಕಳು, ಚಿತ್ರವನ್ನು ಯಾರೋ ಬರೆದಿದ್ದಾರೆ, ಅದನ್ನು ಬೇರೆ ರೀತಿಯಲ್ಲಿಯೂ ಬರೆಯಬಹುದಿತ್ತು ಎಂಬುದನ್ನು ಕಲಿಯುತ್ತಾರೆ.

ಚರ್ಮದೊಳಗಿನ ಲೆಕ್ಕ

ಈಗ ವಿಜ್ಞಾನದ ಮಾತು. ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್ ಎಂಬ ವಸ್ತು. ಅದನ್ನು ತಯಾರಿಸುವ ಮೆಲನೊಸೈಟ್ ಕೋಶಗಳ ಸಂಖ್ಯೆ ಕಪ್ಪು ಮನುಷ್ಯನಲ್ಲೂ ಬಿಳಿ ಮನುಷ್ಯನಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಆ ಕೋಶಗಳು ತುಂಬಿ ಕಳಿಸುವ ಮೆಲನಿನ್ ಪೊಟ್ಟಣಗಳ ಗಾತ್ರ ಮತ್ತು ಹರಡುವಿಕೆಯಲ್ಲಿ. ಕಾರ್ಖಾನೆಗಳು ಅಷ್ಟೇ ಇವೆ. ಉತ್ಪಾದನೆ ಮಾತ್ರ ಬೇರೆ ಬೇರೆ.

ಬಿಸಿಲು ಚುರುಕಾಗಿರುವ ನಾಡಿನಲ್ಲಿ ಮೆಲನಿನ್ ಕೊಡೆಯಂತೆ ಕೆಲಸ ಮಾಡುತ್ತದೆ. ಅತಿನೇರಳೆ ಕಿರಣಗಳು ಕೋಶಗಳನ್ನು ಕೆಡಿಸದಂತೆ, ದೇಹದ ಫೋಲೇಟ್ ಎಂಬ ಜೀವಸತ್ವ ನಾಶವಾಗದಂತೆ ಕಾಯುತ್ತದೆ. ಬಿಸಿಲು ಕಡಿಮೆಯಿರುವ ದೇಶದಲ್ಲಿ ವಿಟಮಿನ್ ಡಿ ತಯಾರಾಗಲು ಅಷ್ಟು ದೊಡ್ಡ ಕೊಡೆ ಅಡ್ಡಿ. 2005ರಲ್ಲಿ ವಿಜ್ಞಾನಿಗಳು ಜೀಬ್ರಾ ಮೀನು ಎಂಬ ಬೆರಳುದ್ದದ ಮೀನಿನ ತಿಳಿಬಣ್ಣದ ತಳಿಯನ್ನು ಪರೀಕ್ಷಿಸುತ್ತಾ ಎಸ್‌ಎಲ್‌ಸಿ24ಎ5 ಎಂಬ ಜೀನನ್ನು ಗುರುತಿಸಿದರು. ಅದರಲ್ಲಿ ಆಗುವ ಒಂದೇ ಒಂದು ಅಕ್ಷರದ ಬದಲಾವಣೆ ಮನುಷ್ಯರ ಚರ್ಮವನ್ನೂ ತಿಳಿಯಾಗಿಸಬಲ್ಲದು. ಆ ಬದಲಾವಣೆ ಯುರೋಪಿಯನ್ನರಲ್ಲಿಯೂ ನಮ್ಮ ಉಪಖಂಡದವರಲ್ಲಿಯೂ ಒಂದೇ ಮೂಲದಿಂದ ಬಂದದ್ದೆಂದು 2013ರಲ್ಲಿ ಹೈದರಾಬಾದಿನ ಕೋಶ ಮತ್ತು ಅಣುಜೀವ ವಿಜ್ಞಾನ ಕೇಂದ್ರದವರೂ ಅವರ ವಿದೇಶಿ ಸಹೋದ್ಯೋಗಿಗಳೂ ತೋರಿಸಿದರು. ಅಂದರೆ ಒಂದೇ ಮನೆಯ ಅಣ್ಣ ಬೆಳ್ಳಗಿದ್ದು ತಂಗಿ ಕಪ್ಪಗಿರುವುದರಲ್ಲಿ ಬೆರಗಾಗುವಂಥದ್ದೇನೂ ಇಲ್ಲ. ಶೌರ್ಯ, ಬುದ್ಧಿ, ಸೋಮಾರಿತನ, ಹೊಟ್ಟೆಕಿಚ್ಚು ಯಾವುದನ್ನೂ ಮೆಲನಿನ್ ಹೊತ್ತು ತರುವುದಿಲ್ಲ. ಅವನ್ನು ಬಣ್ಣಕ್ಕೆ ಅಂಟಿಸುವವರು ಕಥೆ ಬರೆಯುವವರು.

ಪರದೆಗೆ ಬಾರದ ಮುಖಗಳು

ಸೊರಬದಿಂದ ಪಶ್ಚಿಮಕ್ಕೆ ಗಡಿ ದಾಟಿದರೆ ಉತ್ತರ ಕನ್ನಡ. ಅಲ್ಲಿನ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ಪೂರ್ವಿಕರು ಆಫ್ರಿಕಾದಿಂದ ಬಂದವರು. ಇವರು ಹುಟ್ಟು ಕನ್ನಡ ನಾಡಿನವರು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಹೆಗ್ಗೋಡಿನ ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿಯವರನ್ನು ಕನ್ನಡ ಸಿನಿಮಾಗಳಲ್ಲಿ ನೀವು ನೋಡಿರಬಹುದು. ಆದರೆ ಗುಂಗುರು ಕೂದಲಿನ ಸಿದ್ದಿ ಹುಡುಗಿಯೊಬ್ಬಳು ಕಥೆಯನ್ನು ಮುನ್ನಡೆಸುವ ಕಾರ್ಟೂನನ್ನು ನಾನಂತೂ ಕಂಡಿಲ್ಲ. ಶಿಕಾರಿಪುರದ ತಾಂಡಾಗಳ ಲಂಬಾಣಿ ಮಗುವೂ ಪರದೆಯಲ್ಲಿ ತನ್ನಜ್ಜಿಯ ಕನ್ನಡಿ ಕಸೂತಿಯನ್ನು ಕಾಣುವುದು ಕುಣಿತದ ದೃಶ್ಯದಲ್ಲಿ ಮಾತ್ರ. 2009ರಲ್ಲಿ ಚಿಂಟು ಟಿವಿ ಬಂದ ಮೇಲೆ ಕಾರ್ಟೂನುಗಳು ಕನ್ನಡ ಮಾತಾಡಿದವು. ಮಾತು ನಮ್ಮದಾಯಿತು, ಮುಖ ಬಹುಮಟ್ಟಿಗೆ ಬೇರೆಯವರದೇ ಆಗಿ ಉಳಿಯಿತು.

ಸೊರಬ, ಸಾಗರದ ದೀವರ ಮನೆಗಳ ಹಸೆ ಚಿತ್ತಾರವನ್ನು ಇಲ್ಲಿ ನೆನೆಯಬೇಕು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ ಹೆಂಗಸರು ಎಳೆಯುವ ಗೆರೆಗಳು. ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಹುರಿದು ಕರಕಲಾದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಮದುವೆಯ ಗೋಡೆಯಲ್ಲಿ ಮದುಮಗ, ಮದುಮಗಳು ಇಬ್ಬರೂ ಇದ್ದಾರೆ. ಆದರೆ ತ್ರಿಕೋನ, ಗೆರೆಗಳಲ್ಲಿ ಮೂಡಿದ ಅವರಿಗೆ ಮೈಬಣ್ಣವೇ ಇಲ್ಲ. ಮದುಮಗಳು ಕಪ್ಪೋ ಕೆಂಪೋ ಎಂದು ಚಿತ್ತಾರ ಕೇಳುವುದಿಲ್ಲ. ಮೈಬಣ್ಣವನ್ನು ತೂಗದೆಯೂ ಮನುಷ್ಯರನ್ನು ಚೆಂದವಾಗಿ ಬರೆಯಬಹುದೆಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ.

ನೀವೇ ಮಾಡಿ ನೋಡಿ

ವಿದ್ಯಾರ್ಥಿಗಳೇ, ಒಂದು ವಾರ ನೀವು ನೋಡುವ ಕಾರ್ಟೂನಿಗೆ ಒಂದು ಕೋಷ್ಟಕ ಹಾಕಿ. ಮೊದಲ ಸಾಲಿನಲ್ಲಿ ಪಾತ್ರದ ಹೆಸರು, ಎರಡನೆಯದರಲ್ಲಿ ಮೈಬಣ್ಣ, ಮೂರನೆಯದರಲ್ಲಿ ಮಾತಿನ ಧಾಟಿ, ನಾಲ್ಕನೆಯದರಲ್ಲಿ ಕೆಲಸ: ಉಪಾಯ ಹೇಳುವವರು ಯಾರು, ಗೆಲ್ಲುವವರು ಯಾರು, ನಗೆಪಾಟಲಾಗುವವರು ಯಾರು, ಅಡುಗೆ ಮಾಡುವವರು ಯಾರು. ವಾರದ ಕೊನೆಗೆ ಎಣಿಸಿ. ಮೊದಲೇ ತೀರ್ಮಾನ ಮಾಡಿಕೊಂಡು ಎಣಿಸಬೇಡಿ. ನಿಮ್ಮ ಊಹೆ ಸುಳ್ಳಾದರೆ ಅದನ್ನೂ ಬರೆಯಿರಿ. ಅವಲೋಕನವೆಂದರೆ ಅದೇ.

ಪಾಲಕರು ಟಿವಿ ಆರಿಸುವ ಅಗತ್ಯವಿಲ್ಲ. ಮಗುವಿನ ಪಕ್ಕದಲ್ಲಿ ಹದಿನೈದು ನಿಮಿಷ ಕೂತು, ಇವನಿಗೆ ಯಾಕೆ ಈ ಹೆಸರಿಟ್ಟರು ಅಂತ ನಿನಗನಿಸುತ್ತೆ ಎಂದು ಒಂದು ಪ್ರಶ್ನೆ ಕೇಳಿದರೆ ಸಾಕು. ಜೊತೆಗೆ ನಮ್ಮ ನಾಲಿಗೆಯ ಮೇಲೂ ಒಂದು ಕಣ್ಣಿರಲಿ. 1975ರಿಂದ ಮಾರಾಟವಾಗುತ್ತಿದ್ದ ಫೇರ್ ಅಂಡ್ ಲವ್ಲಿ ಕ್ರೀಮು ಕೂಡ 2020ರಲ್ಲಿ 'ಫೇರ್' ಎಂಬ ಪದವನ್ನು ಕೈಬಿಟ್ಟು ಗ್ಲೋ ಅಂಡ್ ಲವ್ಲಿ ಆಯಿತು. ನಮ್ಮ ಮನೆಗಳಲ್ಲಿ ಮಾತ್ರ "ಬಿಸಿಲಿಗೆ ಹೋಗಬೇಡ, ಕಪ್ಪಾಗ್ತೀಯ" ಎನ್ನುವುದು ನಿಂತಿಲ್ಲ. ಹೆಣ್ಣು ನೋಡಿ ಬಂದವರು "ಕಪ್ಪಾದರೂ ಲಕ್ಷಣವಾಗಿದ್ದಾಳೆ" ಎನ್ನುವುದೂ ನಿಂತಿಲ್ಲ. ಹೊಗಳಿಕೆಯೆಂದೇ ಆಡುವ ಮಾತು ಅದು. ಆದರೆ ಅದರೊಳಗಿನ 'ಆದರೂ' ಎಂಬ ಮೂರಕ್ಷರವನ್ನು ಮಕ್ಕಳು ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ. ಕಾಲಿಯಾನಿಗೆ ಹೆಸರಿಟ್ಟವರು ಹೈದರಾಬಾದಿನಲ್ಲಿದ್ದಾರೆ. 'ಆದರೂ' ಎಂಬುದನ್ನು ತೆಗೆದುಹಾಕುವುದು ನಮ್ಮ ಕೈಯಲ್ಲೇ ಇದೆ.