ಗುಂಡುಕಲ್ಲಿನ ಕೂಸು

ಬೆಂಗಳೂರಿನ ಪೀಣ್ಯದ ಕಾರ್ಖಾನೆ ಶೆಡ್ಡುಗಳನ್ನು ಹಿಂದೆ ಬಿಟ್ಟು, ಚಿಕ್ಕಬಾಣಾವರ ದಾಟಿ ಹೆಸರಘಟ್ಟದ ಕಡೆ ಹೊರಟರೆ ಸಿಲ್ವೆಪುರ ಸಿಗುತ್ತದೆ. ನೃತ್ಯಗ್ರಾಮ ನೋಡಲು ಆ ಕಡೆ ಹೋಗುವವರಲ್ಲಿ ಈ ಊರಿನ ಹೆಸರು ಬಲ್ಲವರು ಕಡಿಮೆ. ಆದರೆ ಭಾರತದ ಕ್ರೈಸ್ತ ಚಿತ್ರಕಲೆಯ ಚರಿತ್ರೆ ಬರೆಯುವವರು ಇದನ್ನು ಬಿಟ್ಟು ಬರೆಯಲಾರರು. ಚಿತ್ರಕಾರ ಜ್ಯೋತಿ ಸಾಹಿ 1970ರ ದಶಕದಲ್ಲಿ ಬಂದು ನೆಲೆಸಿದ್ದು ಇಲ್ಲಿ. ಅವರ ಪತ್ನಿ ಜೇನ್ ಸಾಹಿ ಹಳ್ಳಿಯ ಮಕ್ಕಳಿಗಾಗಿ ಸೀತಾ ಶಾಲೆ ನಡೆಸಿದ್ದೂ, ಸಾಹಿಯವರ ‘ಆರ್ಟ್ ಆಶ್ರಮ’ ಹುಟ್ಟಿದ್ದೂ ಇಲ್ಲೇ.

1944ರಲ್ಲಿ ಪುಣೆಯಲ್ಲಿ ಹುಟ್ಟಿದ ಸಾಹಿ ಲಂಡನ್ನಿನ ಕ್ಯಾಂಬರ್‌ವೆಲ್ ಕಲಾಶಾಲೆಯಲ್ಲಿ ಕಲಿತವರು. ಮರಳಿ ಬಂದ ಮೇಲೆ ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಜೊತೆ ಕೆಲಸ ಮಾಡಿದರು, ಕಥೋಲಿಕ ಸನ್ಯಾಸಿ ಬೀಡ್ ಗ್ರಿಫಿತ್ಸ್ ಅವರ ಒಡನಾಟ ಸಿಕ್ಕಿತು. ಶುದ್ಧ ಅಮೂರ್ತ ಚಿತ್ರಕಾರರೆಂದು ಅವರನ್ನು ಕರೆಯಲಾಗದು. ಅವರ ಚಿತ್ರಗಳಲ್ಲಿ ಮನುಷ್ಯರಿದ್ದಾರೆ, ಮರಗಳಿವೆ. ಆದರೂ ಅಮೂರ್ತ ಕಲೆಯಲ್ಲಿ ಕ್ರೈಸ್ತ ಭಕ್ತಿಗೆ ಜಾಗವಿದೆಯೇ ಎಂಬ ಪ್ರಶ್ನೆಯನ್ನು ನಮ್ಮ ನೆಲದಲ್ಲಿ ಕೇಳಿಕೊಳ್ಳಲು ಅವರಷ್ಟು ಒದಗಿಬರುವವರು ನನಗೆ ಬೇರೆ ಯಾರೂ ಕಾಣುವುದಿಲ್ಲ.

ಈ ದೇಶದ ಕ್ರೈಸ್ತ ಚಿತ್ರಕಾರನಿಗೆ ಎದುರಾಗುವ ಮೊದಲ ತೊಡಕು ಮುಖದ್ದು. ಯೇಸುವಿಗೆ ಯಾರ ಮುಖ ಬರೆಯುವುದು? ಕ್ಯಾಲೆಂಡರಿನ ನೀಲಿ ಕಣ್ಣಿನ ಯೇಸು ಯುರೋಪಿನಿಂದ ಬಂದವನು. ಅದು ಬೇಡವೆಂದು ಪದ್ಮಾಸನದಲ್ಲಿ ಕೂರಿಸಿ ಕಾವಿ ಉಡಿಸಿದರೆ ಅವನು ಯಾವುದೋ ಮಠದ ಸ್ವಾಮಿಯಾಗುತ್ತಾನೆ. ಮುಖವೇ ಇಲ್ಲದ ಚಿತ್ರ ಈ ಇಕ್ಕಟ್ಟಿನಿಂದ ಪಾರು ಮಾಡಬಹುದೆಂಬ ಆಸೆ ಸಹಜ. ಪಶ್ಚಿಮದಲ್ಲೂ ಹಾಗೆ ಆದದ್ದುಂಟು. ಅಮೆರಿಕದ ಚಿತ್ರಕಾರ ಬಾರ್ನೆಟ್ ನ್ಯೂಮನ್ 1958ರಿಂದ 1966ರವರೆಗೆ ಬರೆದ ಹದಿನಾಲ್ಕು ಕ್ಯಾನ್ವಾಸುಗಳಿಗೆ ಯೇಸುವಿನ ಶಿಲುಬೆಹಾದಿಯ ಹದಿನಾಲ್ಕು ತಾಣಗಳ ಹೆಸರಿಟ್ಟ. ಅವುಗಳಲ್ಲಿ ಇರುವುದು ಉದ್ದುದ್ದ ಗೆರೆಗಳು ಮಾತ್ರ. ಹ್ಯೂಸ್ಟನ್ನಿನಲ್ಲಿ 1971ರಲ್ಲಿ ತೆರೆದ ಪ್ರಾರ್ಥನಾ ಮಂದಿರಕ್ಕೆ ಇನ್ನೊಬ್ಬ ಅಮೆರಿಕನ್ ಚಿತ್ರಕಾರ ಮಾರ್ಕ್ ರಾತ್ಕೊ ಬರೆದುಕೊಟ್ಟದ್ದೂ ಹದಿನಾಲ್ಕೇ, ಹೆಚ್ಚುಕಡಿಮೆ ಕಪ್ಪು. ಇಬ್ಬರೂ ಯಹೂದಿ ಮನೆತನದವರು ಎಂಬುದು ಈ ಕಥೆಯ ಸ್ವಾರಸ್ಯ.

ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ನೋಡುವವರಿರುವ ನಾಡಿಗೆ, ಬೆಳಗೆದ್ದು ಚುಕ್ಕಿಯಿಟ್ಟು ರಂಗೋಲಿ ಎಳೆಯುವ ಬೀದಿಗಳಿಗೆ, ಮುಖವಿಲ್ಲದ ರೂಪವನ್ನು ಹ್ಯೂಸ್ಟನ್ನಿನಿಂದ ತರಿಸಬೇಕಾಗಿರಲಿಲ್ಲ. ಆಯಾ ನಾಡಿನ ಸಂಸ್ಕೃತಿಗೆ ಚರ್ಚಿನ ಬಾಗಿಲು ತೆರೆದ ಎರಡನೇ ವ್ಯಾಟಿಕನ್ ಮಹಾಸಭೆ ಮುಗಿದ ಮೇಲೆ, 1967ರಲ್ಲಿ ಫಾದರ್ ಅಮಲೋರ್ಪವದಾಸ್ ಬೆಂಗಳೂರಿನಲ್ಲಿ ಎನ್‌ಬಿಸಿಎಲ್‌ಸಿ ಎಂಬ ಕಥೋಲಿಕ ಕೇಂದ್ರ ಕಟ್ಟಿದರು. ಅದರ ದೇವಾಲಯದ ಕಿಟಕಿ ಗ್ರಿಲ್ಲುಗಳಿಗೆ ವಿನ್ಯಾಸ ಬರೆದವರು ಸಾಹಿ. ಗ್ರಿಲ್ಲೆಂದರೆ ಬಣ್ಣವಿಲ್ಲ, ನೆರಳು ತುಂಬಿದ ಮೈಯಿಲ್ಲ. ಬಾಗಿಸಿದ ಕಬ್ಬಿಣದ ಗೆರೆ, ನಡುವೆ ಬೆಳಕು. ಕ್ಯಾನ್ವಾಸಿನ ಮೇಲೆ ಅಮೂರ್ತವೆಂದರೆ ಹುಬ್ಬು ಗಂಟಿಕ್ಕುವ ಭಕ್ತರು ಅದೇ ಗೆರೆ ಕಿಟಕಿಯಲ್ಲಿದ್ದರೆ ಮೌನವಾಗಿ ಮಂಡಿಯೂರುತ್ತಾರೆ. ಎಲ್ಲರೂ ಮೌನವಾಗಿರಲಿಲ್ಲ ಅನ್ನಿ. ಆ ಕಟ್ಟಡದ ಮೇಲಿನ ಕಳಸ ಕಂಡು ಇದು ಚರ್ಚೋ ಗುಡಿಯೋ ಎಂದು ಕೆಲವು ಕಥೋಲಿಕರೇ ದೊಡ್ಡ ಗಲಾಟೆ ಎಬ್ಬಿಸಿದರು.

ಆ ಗಲಾಟೆಗಿಂತ ತೂಕದ ಆಕ್ಷೇಪ ಬಂದದ್ದು ಬೇರೆ ದಿಕ್ಕಿನಿಂದ. 1981ರಲ್ಲಿ ದೈವಶಾಸ್ತ್ರಜ್ಞ ಅರವಿಂದ ನಿರ್ಮಲ್ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಮಾಡಿದ ಭಾಷಣದಿಂದ ದಲಿತ ದೈವಶಾಸ್ತ್ರದ ಮಾತು ಶುರುವಾಯಿತು. ಅದು ಕೇಳಿದ್ದಿಷ್ಟು: ಭಾರತೀಯತೆಯ ಹೆಸರಲ್ಲಿ ಚರ್ಚು ತಂದುಕೊಂಡ ಓಂಕಾರ, ಕಮಲ, ಧ್ಯಾನಮುದ್ರೆಗಳೆಲ್ಲ ಯಾರವು? ಈ ದೇಶದ ಕ್ರೈಸ್ತರಲ್ಲಿ ಬಹುಪಾಲು ಜನ ಯಾವ ಕೇರಿಯಿಂದ ಬಂದವರೋ ಆ ಕೇರಿಯ ಗುರುತು ಅದರಲ್ಲಿ ಎಲ್ಲಿದೆ? ಮುಖ ತೆಗೆದ ಮಾತ್ರಕ್ಕೆ ಚಿತ್ರದಿಂದ ಜಾತಿ ಹೋಗುವುದಿಲ್ಲ, ವೃತ್ತಕ್ಕೂ ಕಮಲದ ದಳಕ್ಕೂ ಜಾತಿಯಿದೆ ಎನ್ನುವ ಈ ಪ್ರಶ್ನೆ ನನಗಂತೂ ಸರಿಯಾಗಿಯೇ ಕಾಣುತ್ತದೆ. ಅಮೂರ್ತವೆಂದರೆ ಎಲ್ಲರಿಗೂ ಸೇರಿದ್ದು ಎಂದು ನಂಬುವವರು ಇದಕ್ಕೆ ಉತ್ತರ ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಸಾಹಿಯವರ ಉತ್ತರ ಮಾತಿನಲ್ಲಿ ಹುಡುಕಬೇಕಿಲ್ಲ. ‘ದಲಿತ ಮಡೋನ್ನ’ ಎಂಬ ಅವರ ಚಿತ್ರವೊಂದು ಈಗ ಬ್ರಿಟನ್ನಿನ ಮೆಥಡಿಸ್ಟ್ ಚರ್ಚಿನ ಆಧುನಿಕ ಕಲಾ ಸಂಗ್ರಹದಲ್ಲಿದೆ. ಅದರ ಮೂಲರೂಪ ಹಳ್ಳಿಮನೆಯ ರುಬ್ಬುವ ಕಲ್ಲು. ತಾಯಿ ಒರಳು, ಅವಳ ಮಡಿಲಿನ ತಗ್ಗಿನಲ್ಲಿ ಕೂರುವ ಕೂಸು ಗುಂಡು. ಇಂಗ್ಲೆಂಡಿನ ನೋಡುಗನಿಗೆ ಇದನ್ನು ವಿವರಿಸಬೇಕು. ನಮಗೆ ಬೇಕಿಲ್ಲ. ತೊಟ್ಟಿಲ ಶಾಸ್ತ್ರದ ದಿನ ಗುಂಡುಕಲ್ಲಿಗೆ ಕುಲಾವಿ ಕಟ್ಟಿ, ಬಟ್ಟೆ ಸುತ್ತಿ, ಗುಂಡಪ್ಪನೆಂದು ಕರೆದು, ತೊಟ್ಟಿಲ ಸುತ್ತ ಕೈಯಿಂದ ಕೈಗೆ ದಾಟಿಸಿದ ಹೆಂಗಸರು ನಮ್ಮ ಮನೆಗಳಲ್ಲೇ ಇದ್ದಾರೆ. ಕಣ್ಣು ಮೂಗಿಲ್ಲದ ಕಲ್ಲು ಕೂಸಾಗಲು ಅವರಿಗೆ ಯಾವ ಕಲಾವಿಮರ್ಶಕನ ಅಪ್ಪಣೆಯೂ ಬೇಕಾಗಿರಲಿಲ್ಲ. ಜೊತೆಗೆ, ಒರಳು ಪೂಜೆಯ ಕೋಣೆಯ ವಸ್ತುವಲ್ಲ, ದುಡಿಮೆಯದು. ಅದರ ಮುಂದೆ ಕೂತವಳ ತೋಳುನೋವು ಆ ಆಕಾರದೊಳಗೇ ಇದೆ. ಕಮಲದಲ್ಲಿ ಅದಿಲ್ಲ. ದಲಿತ ದೈವಶಾಸ್ತ್ರ ಎತ್ತಿದ ಪ್ರಶ್ನೆಗೆ ಇದು ಪೂರ್ತಿ ಉತ್ತರವೆಂದು ನಾನು ಹೇಳಲಾರೆ. ಆದರೆ ಅಮೂರ್ತ ರೂಪ ಯಾರ ಅಂಗಳದಿಂದ ಎದ್ದು ಬರಬೇಕು ಎಂಬುದನ್ನಾದರೂ ಇದು ತೋರಿಸುತ್ತದೆ.

ಇತ್ತ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಸುತ್ತ ಬಾಡಿಗೆ ಹಾಲುಗಳಲ್ಲಿ ಭಾನುವಾರ ಸೇರುವ ಕ್ರೈಸ್ತ ಸಭೆಗಳಲ್ಲಿ ಗೋಡೆಗೆ ಚಿತ್ರವಿರುವುದಿಲ್ಲ. ಪರದೆಯ ಮೇಲೆ ಹಾಡಿನ ಸಾಲು ಓಡುತ್ತದೆ, ಅದರ ಹಿಂದೆ ಯಾವುದೋ ಕಡಲತೀರದ ಸೂರ್ಯೋದಯ. ಅದಕ್ಕಿಂತ ಬರೀ ಗೋಡೆಯೇ ವಾಸಿ. ಸ್ವಂತ ಕಟ್ಟಡ ಇರುವವರ ಪಾಡೂ ಬೇರೆಯಲ್ಲ. ಪೀಣ್ಯದ ಲೇಸರ್ ಯಂತ್ರಗಳು ಉಕ್ಕಿನ ಹಾಳೆಯಲ್ಲಿ ಎಂಥ ಗೆರೆಯನ್ನು ಬೇಕಾದರೂ ಕತ್ತರಿಸಿಕೊಡುತ್ತವೆ. ಆದರೆ ಗ್ರಿಲ್ ಮಾಡಿಸಲು ಹೋದವರು ಕ್ಯಾಟಲಾಗು ತೆರೆದು ಪಾರಿವಾಳವನ್ನೋ ದ್ರಾಕ್ಷಿ ಗೊಂಚಲನ್ನೋ ತೋರಿಸಿ ಮುಂಗಡ ಕೊಟ್ಟು ಬರುತ್ತಾರೆ. ಚಿತ್ರಕಾರರೊಬ್ಬರ ಕೈಯಲ್ಲಿ ಬರೆಸಿದ ವಿನ್ಯಾಸ ಒಯ್ದರೆ ಕತ್ತರಿಸುವ ಕೂಲಿಯೇನೂ ದೊಡ್ಡದಾಗಿ ಏರುವುದಿಲ್ಲ.