ಖಾಲಿ ಸೀಸೆಗೆ ಹತ್ತು ರೂಪಾಯಿ

ಗಾಜು ಬೀದಿಗೆ ಬೀಳಲು ಜನರ ತಿಳಿವಳಿಕೆಗೇಡಿತನವೇ ಕಾರಣವೆಂದು ಸಭೆಗಳಲ್ಲಿ ಭಾಷಣ ಬಿಗಿಯುವವರನ್ನು ಕಂಡರೆ ನನಗೆ ರೇಗುತ್ತದೆ. ನಮ್ಮ ತಾಯಂದಿರು ಯಾವ ಜಾಗೃತಿ ಶಿಬಿರಕ್ಕೆ ಹೋಗಿದ್ದರು? ಹಳೇ ಸೀಸೆ ಕೊಳ್ಳುವವನ ಕೂಗು ಕೇಳಿದೊಡನೆ ಅಟ್ಟದಿಂದ ಬಾಟಲಿಗಳನ್ನಿಳಿಸಿ ಚೌಕಾಸಿಗೆ ನಿಲ್ಲುತ್ತಿದ್ದರು. ಕಾಸು ಸಿಗುತ್ತಿತ್ತು, ಅಷ್ಟೇ. ಗೋಲಿ ಸೋಡಾದ ಸೀಸೆಯನ್ನಂತೂ ಅಂಗಡಿಯವನು ಮನೆಗೊಯ್ಯಲು ಬಿಡುತ್ತಲೇ ಇರಲಿಲ್ಲ!

ಇಂದು ನಮ್ಮೂರಿನ ಗುಜರಿಯವರು ಒಡೆದ ಗಾಜನ್ನು ಮುಟ್ಟುವುದಿಲ್ಲ. ಅವರನ್ನು ದೂರಲಾರೆ. ಗಾಜು ಭಾರ, ಕೈ ಕೊಯ್ಯುತ್ತದೆ, ಬೆಲೆ ಅತ್ಯಲ್ಪ. ಕುಲುಮೆಯಿರುವ ಊರು ದೂರ. ಲಾರಿ ಬಾಡಿಗೆಯೇ ಲಾಭವನ್ನು ನುಂಗಿದರೆ ಯಾವ ವ್ಯಾಪಾರಿ ಉಳಿದಾನು? ಗಾಜನ್ನು ಎಷ್ಟು ಸಲ ಕರಗಿಸಿದರೂ ಗುಣ ಕೆಡದು. ಹಳೆಯ ಚೂರುಗಳನ್ನು ಬೆರೆಸಿದರೆ ಬರಿಯ ಮರಳು, ಸುಣ್ಣಕಲ್ಲು ಕರಗಿಸುವುದಕ್ಕಿಂತ ಕಡಿಮೆ ಇಂಧನ ಸಾಕು. ಆದರೆ ಆ ಉಳಿತಾಯ ಸೇರುವುದು ಕಾರ್ಖಾನೆಗೆ, ಆಯುವವನಿಗಲ್ಲ. ಬಣ್ಣದ ಗಾಜು ಬಿಳಿಯದರೊಡನೆ ಬೆರೆತರೆ, ಪಿಂಗಾಣಿ ಚೂರು ಸೇರಿದರೆ, ಇದ್ದ ಬೆಲೆಯೂ ಹೋಯಿತು.

ಬಂಡೀಪುರ ದಾಟಿದರೆ ನೀಲಗಿರಿ ಜಿಲ್ಲೆ. ಅಲ್ಲಿ ಒಡೆದ ಮದ್ಯದ ಬಾಟಲಿಗಳು ಆನೆಗಳ ಕಾಲಿಗೆ ಚುಚ್ಚುತ್ತಿದ್ದವು. ಮದ್ರಾಸ್ ಹೈಕೋರ್ಟು ಚಾಟಿ ಬೀಸಿದ ಮೇಲೆ, 2022ರ ಮೇ ತಿಂಗಳಲ್ಲಿ, ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದಾಗ ಹಿಂದಿರುಗಿಸುವ ಕ್ರಮ ಬಂತು. ಕುಡುಕನಿಗೂ ಅರ್ಥವಾಗುವ ಲೆಕ್ಕ! ನಮ್ಮ ರಾಜ್ಯದಲ್ಲಿಯೂ ಮದ್ಯದ ಸಗಟು ವ್ಯಾಪಾರ ಸರ್ಕಾರಿ ನಿಗಮದ ಕೈಯಲ್ಲೇ ಇದೆ. ತುಂಬಿದ ಬಾಟಲಿಯನ್ನು ಊರೂರಿಗೆ ಮುಟ್ಟಿಸಬಲ್ಲವರಿಗೆ ಖಾಲಿಯದನ್ನು ಹಿಂದಕ್ಕೆ ತರುವುದು ಮಾತ್ರ ಏಕೆ ಅಸಾಧ್ಯ? ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಅಧಿಕಾರದ ಕುರ್ಚಿಯಲ್ಲಿದ್ದೀರಿ. ಉತ್ತರವನ್ನು ನಿಮ್ಮಿಂದಲೇ ಕೇಳುತ್ತಿದ್ದೇನೆ.